ಕುಮಟಾದಿಂದ ಬಂದಿದ್ದ ಅಣ್ಣನಿಗೆ

ಸಿಡಿಲಿಗೆ ನಮ್ಮ ಶಿರಸಿ ಮನೆಯ ಸರ್ವರಿನ ರೇಡ್ ಕಂಟ್ರೋಲರ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಸಾಧನ) ಸುಟ್ಟುಹೋಗಿತ್ತು. ನಾಲ್ಕು ಡಿಸ್ಕ್‌ಗಳ ರೇಡ್ 5, ಅಂದರೆ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವ ಜೋಡಣೆ. ಅದರೊಳಗೆ ಅಪ್ಪ ಊರೂರು ಅಲೆದು ಧ್ವನಿಮುದ್ರಿಸಿದ ತಾಳಮದ್ದಳೆಗಳು. ಹೊಸ ಕಂಟ್ರೋಲರಿಗೆ ಜೋಡಿಸಿದರೆ ನಾಲ್ಕೂ ‘ಫಾರಿನ್’ (ಬೇರೆ ಕಂಟ್ರೋಲರಿನವು) ಎಂದವು. ಎಲ್ಲವನ್ನೂ ಅಳಿಸಿ ಹೊಸ ಅರೇ (ಡಿಸ್ಕ್‌ಗಳ ಕೂಟ) ರಚಿಸಲು ನನ್ನ ಬೆರಳು ಕೀಲಿಯ ಮೇಲೇ ಇತ್ತು.

ಯುಪಿಎಸ್ ಬ್ಯಾಟರಿ ಕೊಡಲು ಬಂದಿದ್ದ ನೀವು ಕೈ ತಡೆದಿರಿ. ಅರೇಯ ವಿವರ ಡಿಸ್ಕ್‌ಗಳಲ್ಲೇ ಬರೆದಿರುತ್ತದೆ, ಅದೇ ಕಂಪನಿಯ ಈ ಹೊಸ ಕಂಟ್ರೋಲರ್ ಅದನ್ನು ಓದಬಲ್ಲದು, ಅಳಿಸದೆ ಆ ವಿವರವನ್ನೇ ಆಮದು ಮಾಡಿಕೊಳ್ಳಿ ಎಂದಿರಿ. ಅದಕ್ಕೂ ಮೊದಲು ಪ್ರತಿ ಡಿಸ್ಕಿಗೆ ಸ್ಲಾಟ್ ಸಂಖ್ಯೆಯ ಚೀಟಿ ಅಂಟಿಸಿದಿರಿ. ಆ ತಾಳ್ಮೆಯನ್ನು ನಾನು ಮರೆಯಲಾರೆ. ಮದ್ದಳೆಯ ಸದ್ದು ಕೇಳಿದೊಡನೆ ಅಮ್ಮ ಅಡುಗೆಮನೆಯಿಂದ ಓಡಿಬಂದರು.

ಹೃದಯಪೂರ್ವಕ ಧನ್ಯವಾದಗಳು, ಅಣ್ಣ. ಹೆಸರು ಕೇಳುವಷ್ಟರಲ್ಲಿ ನೀವು ದೇವಿಮನೆ ಘಟ್ಟ ಇಳಿಯುವ ಬಸ್ಸಿಗೆ ಹೊರಟುಬಿಟ್ಟಿದ್ದಿರಿ.