ಹದಿನೈದು ಕಿಲೋಮೀಟರಿನ ಓಟ

ಆರ್ಲಿಂಗ್ಟನ್ ಹೈಟ್ಸ್, ಇಲಿನಾಯ್
ನವೆಂಬರ್ 1, ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಚಳಿ ಶುರುವಾಗುವ ಮೊದಲೇ ಎಣ್ಣೆ ಕಾಯಿಸಿ ಹಚ್ಚಿಕೊಳ್ಳಲು ಹೇಳಿ. ಇಲ್ಲಿ ಮರಗಳೆಲ್ಲ ಎಲೆ ಉದುರಿಸಿ ಬರಿದಾಗಿವೆ, ಐದು ಗಂಟೆಗೆಲ್ಲ ಕತ್ತಲು ಕವಿಯುವ ಕಾಲ ಬಂತು. ಇವತ್ತು ರಾಜ್ಯೋತ್ಸವ. ಬೆಳಿಗ್ಗೆ ಬಾಗಿಲಿಗೆ ಹಳದಿ ಕೆಂಪು ಬಾವುಟ ಕಟ್ಟಿದೆವು, ಮಧ್ಯಾಹ್ನಕ್ಕೆ ಬಿಸಿಬೇಳೆ ಭಾತ್ ಮಾಡಿದ್ದೆ.

ಹೋದ ವಾರ ನಿಮ್ಮ ಮೊಮ್ಮಗನ ಫೋಟೊ ನೋಡಿ ನೀವು ಎರಡು ಪ್ರಶ್ನೆ ಕೇಳಿದಿರಿ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟ ಫುಟ್‌ಬಾಲ್ ಹೇಗಾಯಿತು? ಹುಡುಗನ ಅಂಗಿಯ ಮೇಲೆ 34 ಏಕೆ? ನಾನು ಉತ್ತರ ಹೇಳುವಷ್ಟರಲ್ಲಿ ಫೋನ್ ಕಡಿದುಹೋಯಿತು. ಆ 34ರ ಕಥೆ ಫೋನಿನಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ. ಅದರ ಜೊತೆಗೆ ನಿಮಗೆ ತಿಳಿಸಬೇಕಾದ ಇನ್ನೊಂದು ಮಾತೂ ಇದೆ. ಅದಕ್ಕಾಗಿಯೇ ಬಹಳ ದಿನಗಳ ನಂತರ ಕಾಗದ ಬರೆಯುತ್ತಿದ್ದೇನೆ.

ಆಟದ ವಿಷಯ ಮೊದಲು. ನೀವು ಕಬಡ್ಡಿ ಆಡಿದವರು, ನಿಮಗೆ ಬೇಗ ಅರ್ಥವಾಗುತ್ತದೆ. ಒಂದೊಂದು ಕಡೆ ಹನ್ನೊಂದು ಜನ. ಅಂಗಳ ನೂರು ಗಜ ಉದ್ದ. ಗಜವೆಂದರೆ ನಿಮ್ಮ ಕಾಲದಲ್ಲಿ ಬಟ್ಟೆ ಅಳೆಯುತ್ತಿದ್ದ ಅದೇ ಮೂರು ಅಡಿಯ ಗಜ. ಚೆಂಡು ನಿಮ್ಮ ಕೈಯಲ್ಲಿದ್ದರೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಕೆಲವೊಮ್ಮೆ ಚೆಂಡನ್ನು ದೂರಕ್ಕೆ ಎಸೆಯುತ್ತಾರೆ. ಕೆಲವೊಮ್ಮೆ ಹಿಂದೆ ನಿಂತ ಒಬ್ಬನ ಹೊಟ್ಟೆಗೆ ಒತ್ತಿ ಕೊಡುತ್ತಾರೆ. ಆತ ಅದನ್ನು ಅವುಚಿಕೊಂಡು ಎದುರಿನ ಗೋಡೆಯಂಥ ಜನರ ನಡುವೆ ನುಗ್ಗಬೇಕು. ಆತನೇ ರನ್ನಿಂಗ್ ಬ್ಯಾಕ್. ಕಬಡ್ಡಿಯಲ್ಲಿ ದಾಳಿಗೆ ಹೋದವನನ್ನು ಏಳು ಜನ ಕಾಯುತ್ತಾರೆ. ಇಲ್ಲಿ ಕಾಯುವವರು ಹನ್ನೊಂದು ಜನ, ಅವರಲ್ಲಿ ಹಲವರ ತೂಕ ನೂರು ಕಿಲೋ, ಅದಕ್ಕೂ ಹೆಚ್ಚು. ಬಹುತೇಕ ಪ್ರತಿ ಸಲವೂ ಕೊನೆಗೆ ಬೀಳಲೇಬೇಕು. ಎಲ್ಲಿ ಬೀಳುತ್ತಾನೆ ಎಂಬುದಷ್ಟೇ ಲೆಕ್ಕ. ಇದರಿಂದಾಗಿ ಬಹುಪಾಲು ರನ್ನಿಂಗ್ ಬ್ಯಾಕ್‌ಗಳ ಆಟ ಕೆಲವೇ ವರ್ಷಗಳಲ್ಲಿ ಮುಗಿದುಹೋಗುತ್ತದೆ. ಮಂಡಿ, ಕಣಕಾಲು, ಭುಜ, ಯಾವುದಾದರೂ ಒಂದು ಕೈಕೊಡುತ್ತದೆ.

34 ಎಂಬುದು ವಾಲ್ಟರ್ ಪೇಟನ್ ಎಂಬಾತನ ಸಂಖ್ಯೆ. ಷಿಕಾಗೋ ಬೇರ್ಸ್ ತಂಡದಲ್ಲಿ 1975ರಿಂದ 1987ರವರೆಗೆ ಹದಿಮೂರು ಋತು ಆಡಿದ. ಈಗ ಆ ತಂಡದಲ್ಲಿ ಬೇರೆ ಯಾರಿಗೂ 34 ಕೊಡುವುದಿಲ್ಲ. ಆ ಹದಿಮೂರು ಋತುಗಳಲ್ಲಿ ಆತ ತಪ್ಪಿಸಿಕೊಂಡದ್ದು ಒಂದೇ ಒಂದು ಪಂದ್ಯ, ಅದೂ ಮೊದಲ ವರ್ಷ. ಪಕ್ಕದ ಮನೆಯ ಹಿರಿಯರು ಆತನ ಆಟವನ್ನು ಕಣ್ಣಾರೆ ಕಂಡವರು. ಚಿಕ್ಕವನಿಗೆ ಅಂಗಿ ಕೊಡಿಸಿದವರೂ ಅವರೇ. ಪೇಟನ್‌ನ ಹೆಸರೆತ್ತಿದರೆ ಅವರ ದನಿ ಇಳಿಯುತ್ತದೆ, ನಮ್ಮ ಊರಿನಲ್ಲಿ ತೀರಿಹೋದ ಬಂಧುವಿನ ಬಗ್ಗೆ ಮಾತನಾಡುವಾಗ ಇಳಿಯುವ ಹಾಗೆ.

ಆತ ಹುಟ್ಟಿದ್ದು ದಕ್ಷಿಣದ ಮಿಸಿಸಿಪಿ ರಾಜ್ಯದ ಕೊಲಂಬಿಯಾ ಎಂಬ ಸಣ್ಣ ಊರಿನಲ್ಲಿ. ಕಪ್ಪು ಮಕ್ಕಳಿಗೇ ಬೇರೆ ಶಾಲೆ, ಬಿಳಿಯರ ಮಕ್ಕಳಿಗೇ ಬೇರೆ ಶಾಲೆ ಇದ್ದ ಕಾಲ. ಅಣ್ಣ ಎಡ್ಡಿ ಫುಟ್‌ಬಾಲ್ ಆಡುತ್ತಿದ್ದನೆಂದು ತಮ್ಮ ವಾಲ್ಟರ್ ಆ ಕಡೆ ಸುಳಿಯದೆ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿಕೊಂಡಿದ್ದ. ಅಣ್ಣ ಶಾಲೆ ಮುಗಿಸಿ ಹೋದ ಮೇಲೆಯೇ ಮೈದಾನಕ್ಕೆ ಇಳಿದ. 1970ರಲ್ಲಿ ಎರಡು ಶಾಲೆಗಳು ಒಂದಾದವು. ಆವರೆಗೆ ಒಂದೇ ಬೆಂಚಿನಲ್ಲಿ ಕೂರದಿದ್ದ ಹುಡುಗರು ಒಂದೇ ತಂಡದ ಅಂಗಿ ತೊಟ್ಟರು. ಆ ಹುಡುಗರ ಮೊದಲ ದಿನಗಳು ಹೇಗಿದ್ದವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮುಂದೆ ಜಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಆಡಿದ. ಅಲ್ಲಿನ ತರಬೇತುದಾರ ಬಾಬ್ ಹಿಲ್ ಕಲಿಸಿದ್ದು ಒಂದೇ ಪಾಠ: ಸುಲಭವಾಗಿ ಸಾಯಬೇಡ. ಹಿಡಿಯಲು ಬಂದವನಿಗೆ ನೀನೇ ಮೊದಲು ಪೆಟ್ಟು ಕೊಡು, ಗೆರೆ ದಾಟಿ ಹೊರಗೆ ಓಡಿ ತಪ್ಪಿಸಿಕೊಳ್ಳಬೇಡ. ಪೇಟನ್ ಅದನ್ನು ಕೊನೆಯ ಪಂದ್ಯದವರೆಗೂ ಬಿಡಲಿಲ್ಲ. ಹಾಗಿದ್ದೂ ಆತನಿಗೆ ಬಿದ್ದ ಅಡ್ಡಹೆಸರು ‘ಸ್ವೀಟ್‌ನೆಸ್’. ಸಿಹಿ ಎಂದು. ತನ್ನನ್ನು ಕೆಡವಿದವನ ಕೈಹಿಡಿದು ಎಬ್ಬಿಸಿ ಹೋಗುತ್ತಿದ್ದನಂತೆ.

ಷಿಕಾಗೋದಲ್ಲಿ ಆತನ ಮೊಟ್ಟಮೊದಲ ಪಂದ್ಯದ ಲೆಕ್ಕ ಕೇಳಿ, ಅಪ್ಪ. ಎಂಟು ಸಲ ಚೆಂಡು ಹಿಡಿದು ಓಡಿದ. ಗಳಿಸಿದ್ದು ಸೊನ್ನೆ ಗಜ. ಚಿಕ್ಕವನು ತನ್ನ ಮೊದಲ ಆಟ ಮುಗಿಸಿ ಅಳುತ್ತಾ ಕಾರಿನಲ್ಲಿ ಕುಳಿತಾಗ ಪಕ್ಕದ ಮನೆಯವರು ಹೇಳಿದ್ದು ಇದನ್ನೇ. ಎಂಟು ಸಲ, ಸೊನ್ನೆ ಗಜ. ಅವನು ಅಳು ನಿಲ್ಲಿಸಿ, ಆಮೇಲೆ ಎಷ್ಟಾಯಿತು ಎಂದು ಕೇಳಿದ.

ಆಮೇಲೆ 16,726 ಗಜವಾಯಿತು. ಆವರೆಗೆ ಅಷ್ಟು ಯಾರೂ ಓಡಿರಲಿಲ್ಲ. ಜಿಮ್ ಬ್ರೌನ್ ಎಂಬ ಮಹಾ ಆಟಗಾರನ ದಾಖಲೆಯನ್ನು 1984ರಲ್ಲಿ ಪೇಟನ್ ದಾಟಿದ. ಪೇಟನ್‌ನ ದಾಖಲೆಯನ್ನು 2002ರಲ್ಲಿ ಎಮ್ಮಿಟ್ ಸ್ಮಿತ್ ದಾಟಿದ. 1977ರ ನವೆಂಬರಿನಲ್ಲಿ ಮೈಯೆಲ್ಲ ಜ್ವರ ಇದ್ದರೂ ಇಳಿದು ಒಂದೇ ಪಂದ್ಯದಲ್ಲಿ 275 ಗಜ ಓಡಿದ್ದೂ ಉಂಟು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದಾಖಲೆಯಲ್ಲ. ಒಂದು ರಾತ್ರಿ ಚಿಕ್ಕವನೂ ನಾನೂ ಕುಳಿತು ಗಜಗಳನ್ನು ಕಿಲೋಮೀಟರಿಗೆ ತಂದೆವು. ಹದಿನೈದು ಕಿಲೋಮೀಟರ್ ಚಿಲ್ಲರೆ ಬಂತು. ಅಷ್ಟೆಯೇ ಎಂದು ಅವನು ಮುಖ ಸಣ್ಣ ಮಾಡಿದ. ನೀವು ಸಂತೆಗೆ ಸೈಕಲ್ ತುಳಿದು ಹೋಗಿ ಬರುತ್ತಿದ್ದ ದೂರ ಅದು. ಆಗ ಇನ್ನೊಂದು ಲೆಕ್ಕ ಮಾಡಿದೆವು. ಆ ಹದಿನೈದು ಕಿಲೋಮೀಟರಿಗೆ ಆತ ಚೆಂಡು ಹಿಡಿದು ನುಗ್ಗಿದ್ದು 3,838 ಸಲ. ಸಲಕ್ಕೆ ನಾಲ್ಕು ಗಜದ ಮೇಲೆ ಸ್ವಲ್ಪ. ಎಂದರೆ ನಮ್ಮ ಮನೆಯ ಜಗಲಿಯಿಂದ ತುಳಸಿಕಟ್ಟೆಯವರೆಗಿನ ದೂರ. ಅಷ್ಟು ಹೋಗುವುದು, ಬೀಳುವುದು, ಏಳುವುದು, ಮತ್ತೆ ಅಷ್ಟು ಹೋಗುವುದು. ಈ ಊರಿಗೆ ಬಂದ ಮೊದಲ ಎರಡು ವರ್ಷ ನನಗೆ ಹೇಗೆ ಕಳೆದವು ಎಂದು ನಿಮಗೆ ನಾನು ಪೂರ್ತಿ ಹೇಳಲೇ ಇಲ್ಲ. ಆ ಲೆಕ್ಕ ನೋಡಿದ ರಾತ್ರಿ ಯಾಕೋ ಆ ದಿನಗಳು ನೆನಪಾದವು.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ದಿಣ್ಣೆ ಇದೆ. ಹಿಂದೆ ಊರಿನ ಕಸ ಸುರಿದು ಮಣ್ಣು ಮುಚ್ಚಿ ಆದ ದಿಣ್ಣೆ, ಈಗ ಅಲ್ಲಿ ಗಾಲ್ಫ್ ಮೈದಾನವಿದೆ. ಪೇಟನ್ ಈ ಊರಿನಲ್ಲಿದ್ದಾಗ ಬೇಸಿಗೆಯ ಬಿಸಿಲಿನಲ್ಲಿ ಅದನ್ನು ಹತ್ತಿ ಇಳಿದು, ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದ. ಮಿಸಿಸಿಪಿಯಲ್ಲಿದ್ದಾಗ ಪರ್ಲ್ ನದಿಯ ದಡದ ಮರಳಿನಲ್ಲಿ ಓಡುತ್ತಿದ್ದವನು ಇಲ್ಲಿ ಈ ದಿಣ್ಣೆ ಹುಡುಕಿಕೊಂಡ. ಜೊತೆಗೆ ಬಂದ ಬೇರೆ ಆಟಗಾರರು ಅರ್ಧಕ್ಕೇ ಕುಸಿದು ಕೂರುತ್ತಿದ್ದರಂತೆ. ಮೊನ್ನೆ ಭಾನುವಾರ ನಾವು ಅಲ್ಲಿಗೆ ಹೋಗಿದ್ದೆವು. ನಡೆದು ಹತ್ತಿದರೇ ನನಗೆ ಏದುಸಿರು ಬಂತು. ಹುಲ್ಲು, ತಣ್ಣನೆಯ ಗಾಳಿ, ದೂರದವರೆಗೆ ಮನೆಗಳ ಸೂರು. ಬೇರೇನೂ ಇರಲಿಲ್ಲ. ಜನ ಕೂಗದ, ಯಾರೂ ನೋಡದ ಜಾಗದಲ್ಲಿ ವರ್ಷಗಟ್ಟಲೆ ಒಬ್ಬನೇ ಹತ್ತುವುದೆಂದರೆ ಎಂಥ ಮನಸ್ಸು ಬೇಕು!

ಆತನ ಮನಸ್ಸು ನೊಂದ ಒಂದು ದಿನದ ಬಗ್ಗೆಯೂ ಹೇಳಬೇಕು. ಹತ್ತು ವರ್ಷ ಕಾದ ಮೇಲೆ 1986ರ ಜನವರಿಯಲ್ಲಿ ಬೇರ್ಸ್ ತಂಡ ಸೂಪರ್ ಬೌಲ್ ಗೆದ್ದಿತು. ಅದು ಈ ಆಟದ ಅತಿ ದೊಡ್ಡ ಪಂದ್ಯ. 46-10ರಿಂದ ಗೆದ್ದರು. ಎದುರಾಳಿಗಳೆಲ್ಲ ಪೇಟನ್ ಒಬ್ಬನ ಮೇಲೆಯೇ ಕಣ್ಣಿಟ್ಟಿದ್ದರಿಂದ ಉಳಿದವರಿಗೆ ದಾರಿ ಸುಲಭವಾಯಿತು. ಅಂಗಳದ ಕೊನೆಯ ಗೆರೆಗೆ ಒಂದೇ ಗಜ ಉಳಿದಿದ್ದಾಗ ತರಬೇತುದಾರ ಮೈಕ್ ಡಿಟ್ಕಾ ಚೆಂಡನ್ನು ವಿಲಿಯಂ ಪೆರಿ ಎಂಬ ದೈತ್ಯ ಆಟಗಾರನಿಗೆ ಕೊಡಿಸಿದರು. ಆತ ಅಂಕ ಗಳಿಸಿದ, ಜನ ಕುಣಿದರು. ಹನ್ನೊಂದು ವರ್ಷ ತಂಡವನ್ನು ಹೊತ್ತವನಿಗೆ ಆ ದಿನ ಒಂದೂ ಟಚ್‌ಡೌನ್, ಎಂದರೆ ಚೆಂಡಿನೊಡನೆ ಆ ಗೆರೆ ದಾಟಿ ಅಂಕ ಗಳಿಸುವ ಅವಕಾಶ, ಸಿಗಲಿಲ್ಲ. ಗೆಲುವಿನ ಸಂಭ್ರಮದ ನಡುವೆ ಆತ ಮುಖ ಮರೆಸಿಕೊಂಡು ಕುಳಿತ. ಡಿಟ್ಕಾ ಮುಂದೆ ಇದನ್ನು ತಮ್ಮ ದೊಡ್ಡ ಪಶ್ಚಾತ್ತಾಪವೆಂದು ಹೇಳಿಕೊಂಡರು. ತಂಡ ಗೆದ್ದಿತಲ್ಲ, ಇನ್ನೇಕೆ ಬೇಸರ ಎಂದು ಕೆಲವರು ಕೇಳುತ್ತಾರೆ. ನನಗೆ ಆತನ ಬೇಸರ ನ್ಯಾಯವಾಗಿಯೇ ಕಾಣುತ್ತದೆ. ದುಡಿದವನಿಗೆ ಒಂದು ಗಜ ಕೇಳುವ ಹಕ್ಕು ಇಲ್ಲವೇ?

ಇನ್ನು ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನಿವೃತ್ತಿಯಾಗಿ ಹನ್ನೊಂದು ವರ್ಷದ ಮೇಲೆ, 1999ರ ಫೆಬ್ರುವರಿಯಲ್ಲಿ, ಪೇಟನ್ ಪತ್ರಕರ್ತರನ್ನು ಕರೆದ. ಬಟ್ಟೆಯೊಳಗೆ ದೇಹ ಅರ್ಧವಾಗಿತ್ತು. ಯಕೃತ್ತಿನಿಂದ ಪಿತ್ತರಸ ಹರಿಯುವ ನಾಳಗಳು ಗಟ್ಟಿಯಾಗಿ ಮುಚ್ಚಿಕೊಳ್ಳುವ ಅಪರೂಪದ ಕಾಯಿಲೆ, ಬೇರೆಯವರ ಯಕೃತ್ತು ಸಿಕ್ಕಿದರೆ ಮಾತ್ರ ಬದುಕು. ಹೆದರಿಕೆಯಾಗಿದೆಯೇ ಎಂದು ಒಬ್ಬರು ಕೇಳಿದರು. ಖಂಡಿತ ಹೆದರಿದ್ದೇನೆ, ನೀವಾಗಿದ್ದರೆ ಹೆದರುತ್ತಿರಲಿಲ್ಲವೇ ಎಂದು ಹೇಳಿ ಎಲ್ಲರೆದುರು ಅತ್ತ. ಹನ್ನೊಂದು ಜನರ ನಡುವೆ ನುಗ್ಗುತ್ತಿದ್ದವನು ಹಾಗೆ ಬಾಯಿಬಿಟ್ಟು ಹೇಳಿದ್ದು ನನಗೆ ಆತನ ಎಲ್ಲ ಓಟಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಪಿತ್ತನಾಳದಲ್ಲಿ ಕ್ಯಾನ್ಸರ್ ಕಾಣಿಸಿತು, ಕಸಿಯ ಆಸೆಯೂ ಹೋಯಿತು. ತನಗೆ ಇನ್ನು ಉಪಯೋಗವಿಲ್ಲದಿದ್ದರೂ, ಉಳಿದವರಿಗಾಗಿ ಅಂಗದಾನಕ್ಕೆ ಮುಂದೆ ಬನ್ನಿ ಎಂಬ ಕರೆಗೆ ತನ್ನ ಮುಖವನ್ನೂ ಮಾತನ್ನೂ ಕೊಟ್ಟ. 1999ರ ನವೆಂಬರ್ 1ರಂದು ತೀರಿಕೊಂಡ. ಇದೇ ದಿನ. ಐವತ್ತೂ ತುಂಬಿರಲಿಲ್ಲ. ನಾವು ಬಾವುಟ ಕಟ್ಟುವ ಹೊತ್ತಿಗೆ ಪಕ್ಕದ ಮನೆಯ ಹಿರಿಯರು ತಮ್ಮ ಹಳೆಯ 34ರ ಅಂಗಿ ತೊಟ್ಟು ಹೊರಗೆ ನಿಂತಿದ್ದರು.

ಅಪ್ಪ, ನಮ್ಮ ಅಪ್ಪು ಹೋದದ್ದೂ ಇದೇ ವಾರದಲ್ಲಿ, 2021ರ ಅಕ್ಟೋಬರ್ 29ರಂದು. ಅವರಿಗೆ 46. ಅಂದು ನೀವು ಫೋನಿನಲ್ಲಿ ಮಾತನಾಡಲಾಗದೆ ಅಮ್ಮನ ಕೈಗೆ ಕೊಟ್ಟಿರಿ. ತಂದೆ ರಾಜ್‌ಕುಮಾರ್ ಅವರಂತೆ ಮಗನೂ ಕಣ್ಣು ಕೊಟ್ಟು ಹೋದರೆಂದು ಗೊತ್ತಾದ ಮೇಲೆ ನೀವಿಬ್ಬರೂ ಹೋಗಿ ನೇತ್ರದಾನಕ್ಕೆ ಹೆಸರು ಬರೆಸಿ ಬಂದಿರಿ. ಅದನ್ನು ಕೇಳಿ ನಾನು ಜಗಳವಾಡಿದೆ. ಈಗಲೇ ಅಂಥ ಮಾತು ಯಾಕೆ ಎಂದು ಅತ್ತೆ. ಇಲ್ಲಿ ವಾಹನ ಚಾಲನೆಯ ಪರವಾನಗಿ ಕೊಡುವಾಗ ಅಂಗದಾನಕ್ಕೆ ಹೆಸರು ಸೇರಿಸಬೇಕೇ ಎಂದು ಕೇಳುತ್ತಾರೆ. ಮೊದಲ ಸಲ ಬೇಡವೆಂದಿದ್ದೆ. ಅಜ್ಜಿ ದೇಹ ಇಡಿಯಾಗಿ ಹೋಗಬೇಕು ಎನ್ನುತ್ತಿದ್ದದ್ದು ಕಿವಿಯಲ್ಲಿತ್ತು. ಹೋದ ತಿಂಗಳು ಪರವಾನಗಿ ನವೀಕರಿಸುವಾಗ ಮತ್ತೆ ಅದೇ ಪ್ರಶ್ನೆ. ಹೌದು, ಸೇರಿಸಿ ಎಂದೆ. ಕಾರ್ಡಿನ ಮೇಲೆ ಅಂಗದಾನಿ ಎಂಬ ಗುರುತು ಬಂದಿದೆ. ನಿಮಗೆ ಹೇಳದೆ ಒಂದು ತಿಂಗಳು ಇಟ್ಟುಕೊಂಡಿದ್ದೆ. ಅಮ್ಮನಿಗೆ ನೀವೇ ಸಮಯ ನೋಡಿ ತಿಳಿಸಿ. ಅಂದು ನಿಮ್ಮೊಡನೆ ಜಗಳವಾಡಿದ್ದಕ್ಕೆ ಕ್ಷಮಿಸಿ.

ಚಿಕ್ಕವನ ಬಗ್ಗೆ ನೀವು ಚಿಂತಿಸಬೇಡಿ. ಈ ಆಟದಲ್ಲಿ ತಲೆಗೆ ಬೀಳುವ ಪೆಟ್ಟು ವರ್ಷಗಳ ಮೇಲೆ ಮಿದುಳನ್ನು ಕೆಡಿಸಬಲ್ಲದು ಎಂಬುದು ಈಗ ಗೊತ್ತಿರುವ ಸಂಗತಿ. ನಾನು ಅವನನ್ನು ಆ ಬಗೆಯ ಆಟಕ್ಕೆ ಬಿಟ್ಟಿಲ್ಲ. ಅವನು ಆಡುವುದು ಫ್ಲ್ಯಾಗ್ ಫುಟ್‌ಬಾಲ್. ಕೆಡವುವಂತಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತುಕೊಂಡರೆ ಓಡುವವನು ನಿಂತಂತೆ. ಮುಂದೆ ದೊಡ್ಡವನಾಗಿ ದೊಡ್ಡ ಆಟವೇ ಬೇಕೆಂದು ಹಟ ಹಿಡಿದರೆ ಏನು ಮಾಡಬೇಕೋ, ಆಗ ನಿಮ್ಮನ್ನೇ ಕೇಳುತ್ತೇನೆ.

ಬೇಸಿಗೆ ರಜೆಗೆ ಬರುತ್ತೇವೆ. ಹಿಡಿತಕ್ಕೆ ಸಿಕ್ಕಿದ ಮೇಲೂ ನೀವು ಕೈ ಚಾಚಿ ನಡುಗೆರೆ ಮುಟ್ಟುತ್ತಿದ್ದಿರಿ ಎಂದು ಅವನಿಗೆ ಹೇಳಿದ್ದೇನೆ. ಅದನ್ನು ಅಜ್ಜನಿಂದಲೇ ಕಲಿಯಬೇಕಂತೆ. ಕಣದ ಒಂದು ಮೂಲೆಯಲ್ಲಿ ಕಲ್ಲು ಆರಿಸಿ, ಗೆರೆ ಎಳೆದಿಡಿ.

ಇಂತಿ ನಿಮ್ಮ ಪ್ರೀತಿಯ ಮಗಳು