ಡ್ರೈಯರ್ ಕೊಳವೆಯ ಬಗ್ಗೆ ಎಚ್ಚರವಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲದ ನಾಲ್ಕು ತಿಂಗಳು ಮುಂಬಯಿಯ ಫ್ಲ್ಯಾಟುಗಳಲ್ಲಿ ಬಟ್ಟೆ ಸರಿಯಾಗಿ ಒಣಗದ ಕಾರಣ ಕೆಲವರು ಡ್ರೈಯರ್ ಕೊಂಡಿದ್ದಾರೆ. ಆದರೆ ಅದರ ಬಿಸಿಗಾಳಿಯನ್ನು ಹೊರಗೆ ಬಿಡುವ, ಸುಮಾರು 4 ಇಂಚು ಅಗಲದ ಕೊಳವೆಯತ್ತ ಯಾರೂ ಅಷ್ಟಾಗಿ ಗಮನ ಕೊಡುವುದಿಲ್ಲ. ಮುಲುಂಡಿನ ನಮ್ಮ ಮನೆಯಲ್ಲಿ ಕಳೆದ ಜೂನ್‌ನಲ್ಲಿ ಬಟ್ಟೆ ಒಣಗಲು ದುಪ್ಪಟ್ಟು ಹೊತ್ತು ಹಿಡಿಯತೊಡಗಿದಾಗ ಕೊಳವೆ ಬಿಚ್ಚಿ ನೋಡಿದೆವು. ಒಳಗೆ ಮೈನಾ ಹಕ್ಕಿಯ ಹಳೆಯ ಗೂಡಿನ ಒಣಹುಲ್ಲು, ಪೊರಕೆಕಡ್ಡಿ, ಅದಕ್ಕೆ ಅಂಟಿ ಹಾಸಿಗೆಯಂತೆ ಗಟ್ಟಿಯಾಗಿದ್ದ ಬಟ್ಟೆಯ ಜುಂಗು, ಅದರಡಿ ಜಿರಲೆಗಳು! ಕೊಳವೆಯ ಹೊರಬಾಯಿಯ ಮುಚ್ಚಳದಲ್ಲಿ ಗಾಳಿಗೆ ತೆರೆದುಕೊಳ್ಳುವ ರೆಕ್ಕೆಯಂಥ ಪಟ್ಟಿಗಳಲ್ಲೊಂದು ಜುಂಗಿಗೆ ಸಿಕ್ಕಿಕೊಂಡು ಮುಚ್ಚದೆ ನಿಂತದ್ದೇ ಇದಕ್ಕೆಲ್ಲ ಕಾರಣವಾಗಿತ್ತು.

ಯಂತ್ರ ನಿಂತೊಡನೆ ಈ ರೆಕ್ಕೆಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು. ಬೆರಳು ತೂರುವಷ್ಟು ಸಂದಿನಲ್ಲೂ ಇಲಿ ನುಸುಳಬಲ್ಲುದಾದ್ದರಿಂದ ಕೊಳವೆಗೂ ಗೋಡೆಗೂ ನಡುವಿನ ಬಿರುಕನ್ನು ಸಿಮೆಂಟಿನಿಂದ ಮುಚ್ಚಿಸಬೇಕು. ಹಕ್ಕಿಗಳ ಕಾಟಕ್ಕೆಂದು ಕೆಲವರು ಕಿಟಕಿಯ ಸೊಳ್ಳೆ ಜಾಲರಿಯನ್ನೇ ಕೊಳವೆಯ ಬಾಯಿಗೆ ಬಿಗಿಯುತ್ತಾರೆ. ಇದು ನಿಜಕ್ಕೂ ಅಪಾಯಕಾರಿ, ಏಕೆಂದರೆ ಅದರ ಸಣ್ಣ ಕಣ್ಣುಗಳಲ್ಲಿ ಜುಂಗು ಕಟ್ಟಿಕೊಂಡು, ಬಿಸಿಗಾಳಿ ಹೊರಹೋಗಲಾಗದೆ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆಯಿದೆ. ಯಂತ್ರದೊಳಗೆ ಜುಂಗು ಹಿಡಿಯುವ ಫಿಲ್ಟರನ್ನು ಪ್ರತಿ ಸಲ ಬಟ್ಟೆ ಒಣಗಿಸಿದಾಗಲೂ, ಇಡೀ ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಶುಚಿಗೊಳಿಸಬೇಕು. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಯಂತ್ರವನ್ನು ನಿಲ್ಲಿಸಿಡುವುದೇ ಸರಿ.

ಏಳೆಂಟನೆಯ ಮಹಡಿಯ ಹೊರಗೋಡೆಗೆ ನಿವಾಸಿಗಳ ಕೈ ಎಟುಕದು. ಆದ್ದರಿಂದ ಮಳೆಗೆ ಮೊದಲು ಸೋರಿಕೆ ದುರಸ್ತಿಗಾಗಿ ಹಗ್ಗದಲ್ಲಿ ಇಳಿಯುವ ಕೆಲಸಗಾರರಿಂದಲೇ ಈ ಮುಚ್ಚಳಗಳನ್ನೂ ಪರೀಕ್ಷೆ ಮಾಡಿಸುವಂತೆ ಹೌಸಿಂಗ್ ಸೊಸೈಟಿಗಳ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

– ಓರ್ವ ಗೃಹಿಣಿ, ಮುಲುಂಡ್, ಮುಂಬಯಿ