ಬರ್ಲಿ ಬರ್ಲಿ... ಹೋಲ್ಡಾನ್!

ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿ ಯಾರ್ಡಿಗೆ ಬೆಳಗ್ಗೆ ಹೋಗಿ ನಿಂತರೆ ಕಾಲಿಡಲು ಜಾಗ ಇರುವುದಿಲ್ಲ. ಟೊಮೆಟೊ ಬಾಕ್ಸು ಹೇರಿದ ಟ್ರ್ಯಾಕ್ಟರು, ಟೆಂಪೋ, ಹೊರರಾಜ್ಯದ ಲಾರಿ ಎಲ್ಲವೂ ಮೈಗೆ ಮೈ ತಾಗುವಂತೆ ನಿಂತಿರುತ್ತವೆ. ಅದೇ ಸಂದಿಯಲ್ಲಿ ಒಬ್ಬ ಡ್ರೈವರು ಗಾಡಿಯನ್ನು ಹಿಂದು ಹಿಂದಾಗಿ ತಂದು ಮಂಡಿಯ ಕಟ್ಟೆಗೆ ಗೇಣುದ್ದ ಬಿಟ್ಟು ನಿಲ್ಲಿಸುತ್ತಾನೆ. ಹಿಂದೆ ನಿಂತ ಕ್ಲೀನರ್ ಹುಡುಗನ ಬಾಯಲ್ಲಿ ಎರಡೇ ಮಾತು: ‘ಬರ್ಲಿ ಬರ್ಲಿ’, ‘ಹೋಲ್ಡಾನ್’. ಮನೆಯಲ್ಲಿ ತೆಲುಗಾಡುವವನಾದರೆ ‘ರಾನೀ ರಾನೀ’. ಮೂರನೆಯ ಮಾತು ಬಂದರೆ ಕೆಲಸ ಕೆಡುತ್ತದೆ ಎಂಬುದು ಅವನಿಗೆ ಗೊತ್ತು.

ಅಮೆರಿಕದಲ್ಲಿ ಮೇ ಕೊನೆಯ ಸೋಮವಾರದ ರಜೆ, ಮೆಮೋರಿಯಲ್ ಡೇ ಬಂತು, ಕ್ಯಾಂಪಿಂಗ್ ಕಾಲ ಶುರು. ಇಲ್ಲಿನ ನಮ್ಮ ಸಂಘದ ಸದಸ್ಯರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರು ಬಹಳ ಮಂದಿ. ಡೇರೆ ಬಿಟ್ಟು, ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಂಥ ಸಣ್ಣ ಟ್ರೇಲರಿಗೆ ಬಂದವರೂ ಈಚೆಗೆ ಹೆಚ್ಚು. ಹೈವೇಯಲ್ಲಿ ಎಳೆದುಕೊಂಡು ಹೋಗುವುದು ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಸೈಟಿನೊಳಕ್ಕೆ, ಅಂದರೆ ಕ್ಯಾಂಪಿನಲ್ಲಿ ನಮಗೆಂದು ಕೊಟ್ಟ ಜಾಗದೊಳಕ್ಕೆ, ಹಿಂದಕ್ಕೆ ಬಿಡುವಾಗ ಮಾತ್ರ ಇಡೀ ಕ್ಯಾಂಪಿನ ಕಣ್ಣು ನಮ್ಮ ಮೇಲೆ, ಗಂಡ ಹೆಂಡಿರ ಮಾತು ಮೇಲಕ್ಕೆ. ಆದ್ದರಿಂದ ಈ ಸಂಚಿಕೆಯ ಸಂಪಾದಕೀಯ ಪೂರ್ತಿ ರಿವರ್ಸ್ ಗೇರಿನದು.

ಊರಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಮೊದಲೇ ಒಂದು ಎಚ್ಚರಿಕೆ. ರಾಗಿ ಹುಲ್ಲು ತುಂಬಿಕೊಂಡು ಮೆದೆ ಹತ್ತಿರಕ್ಕೆ ಹೋಗುವ ಎರಡು ಚಕ್ರದ ಟ್ರೇಲರ್ ಹೇಗೆ ತಿರುಗುತ್ತದೋ ಇಲ್ಲಿನ ಕ್ಯಾಂಪಿಂಗ್ ಟ್ರೇಲರೂ ಹಾಗೆಯೇ ತಿರುಗುತ್ತದೆ. ಕೀಲು ಒಂದೇ. ಆದರೆ ಮುಂದಿನ ಜೋಡಿ ಚಕ್ರ ಟರ್ನ್‌ಟೇಬಲ್ ಮೇಲೆ ಕೂತಿರುವ ನಾಲ್ಕು ಚಕ್ರದ ಟ್ರೇಲರಿನಲ್ಲಿ ಕೀಲು ಎರಡು, ಹಾಗಾಗಿ ಕೈ ತಿರುಗಿಸುವ ದಿಕ್ಕೂ ಉಲ್ಟಾ. ಅದರಲ್ಲಿ ಪಳಗಿದ ಕೈ ಇಲ್ಲಿ ಮೊದಲ ಸಲ ತಪ್ಪೇ ಮಾಡುತ್ತದೆ. ಇನ್ನೊಂದು, ಊರಲ್ಲಿ ಡ್ರೈವರ್ ಸೀಟು ಬಲಕ್ಕೆ, ಇಲ್ಲಿ ಎಡಕ್ಕೆ. ಕಿಟಕಿಯಿಂದ ತಲೆ ಹೊರಹಾಕಿ ನೋಡುವ ಕಡೆಯೇ ಬದಲಾಗಿದೆ.

ಸಣ್ಣದು ಸುಲಭ ಎಂದು ಅಂಗಡಿಯವರು ಹೇಳುತ್ತಾರೆ. ರಿವರ್ಸಿನ ಮಟ್ಟಿಗೆ ಅದು ಸುಳ್ಳು. ಹಿಚ್ಚಿನ ಬಾಲಿನಿಂದ (ಕಾರಿನ ಹಿಂದೆ ಟ್ರೇಲರನ್ನು ಸಿಕ್ಕಿಸುವ ಕಬ್ಬಿಣದ ಗುಂಡಿನಿಂದ) ಅಚ್ಚಿನವರೆಗಿನ ದೂರ ಸಣ್ಣ ಟ್ರೇಲರಿನಲ್ಲಿ ಸುಮಾರು 10–12 ಅಡಿ, ದೊಡ್ಡದರಲ್ಲಿ 20ರ ಹತ್ತಿರ. ಕಾರು ಒಂದು ಅಡಿ ಹಿಂದಕ್ಕೆ ಬಂದರೆ ಸಣ್ಣದು ಹೆಚ್ಚುಕಡಿಮೆ ದುಪ್ಪಟ್ಟು ತಿರುಗುತ್ತದೆ. ದೊಡ್ಡದು ನಿಧಾನವಾಗಿ ತಪ್ಪುತ್ತದೆ, ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಸಣ್ಣದು ಕಣ್ಣು ಮಿಟುಕಿಸುವುದರೊಳಗೆ ಮಡಚಿಕೊಂಡು ಕಾರಿನ ಬಂಪರಿನ ಮೂಲೆ ಟ್ರೇಲರಿನ ಮುಖಕ್ಕೆ ಗುದ್ದುತ್ತದೆ. ಅಲ್ಲಿರುವುದು ಗ್ಯಾಸ್ ಸಿಲಿಂಡರು ಮತ್ತು ಜ್ಯಾಕು. ಟ್ರೇಲರು ಕಾರಿಗಿಂತ ಅಗಲ ಕಡಿಮೆ ಇದ್ದರೆ ಇನ್ನೊಂದು ತೊಂದರೆ. ನೇರ ನಿಂತಾಗ ಅದು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಆಗಲೇ ಸೊಟ್ಟಗಾಗಿರುತ್ತದೆ. ಹಿಂದಿನ ಎರಡು ಮೂಲೆಗೆ ಒಂದೊಂದು ಉದ್ದನೆಯ ಕೋಲು ನಿಲ್ಲಿಸಿ ತುದಿಗೆ ಬಣ್ಣದ ಬಟ್ಟೆ ಕಟ್ಟಿಕೊಳ್ಳಿ, ಹಿಂದಿನ ಗಾಜಿನಲ್ಲಿ ಕಾಣುತ್ತದೆ. ಕ್ಯಾಮೆರಾ ನಂಬಿ ಕೂರಬೇಡಿ. ಅದು ಹಿಂದಿನದನ್ನು ತೋರಿಸುತ್ತದೆ, ಮೇಲಿನ ಕೊಂಬೆಯನ್ನಲ್ಲ.

ಕೆಲಸದ ಅರ್ಧ ಬುಕ್ಕಿಂಗ್ ಮಾಡುವಾಗಲೇ ಆಗಬೇಕು. ಸರ್ಕಾರಿ ಕ್ಯಾಂಪುಗಳ ಬುಕ್ಕಿಂಗ್ ತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಸೈಟಿನ ವಿವರ ತೆರೆದರೆ ಅದು ಹಿಂದಕ್ಕೆ ಬಿಡಬೇಕಾದ ಬ್ಯಾಕ್‌ಇನ್ ಸೈಟೋ, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವ ಪುಲ್‌ಥ್ರೂ ಸೈಟೋ, ಡ್ರೈವ್‌ವೇ ಎಷ್ಟು ಅಡಿ ಎಂದು ಇರುತ್ತದೆ. ಮಾಡೆಲ್ ನಂಬರಿನಲ್ಲಿ 17 ಎಂದಿದ್ದರೆ ಟ್ರೇಲರು 17 ಅಡಿ ಎಂದುಕೊಳ್ಳಬೇಡಿ. ಬಹಳ ಕಂಪನಿಗಳು ಮುಂದಿನ ಮೂಕಿಯ ಮೂರು ನಾಲ್ಕು ಅಡಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೇಪು ಹಿಡಿದು ತುದಿಯಿಂದ ತುದಿಗೆ ಅಳೆಯಿರಿ, ಕಾರಿನ ಉದ್ದವನ್ನೂ ಸೇರಿಸಿ. ಇದ್ದರೆ ಡ್ರೈವರ್ ಕಡೆಗೆ, ಅಂದರೆ ರಸ್ತೆಯ ಎಡಕ್ಕೆ ಬರುವ ಸೈಟನ್ನೇ ಹಿಡಿಯಿರಿ. ಕ್ಯಾಂಪಿನ ರಸ್ತೆ ಹಲವು ಕಡೆ ಒನ್‌ವೇ, ಬಲಗಡೆಯ ಸೈಟು ಸಿಕ್ಕಿತೆಂದು ಎದುರು ದಿಕ್ಕಿನಿಂದ ಬರುವಂತಿಲ್ಲ. ಬಲಕ್ಕೆ ಬಿಡುವಾಗ ಟ್ರೇಲರಿನ ಹಿಂಭಾಗ ನಿಮಗೆ ಪೂರ್ತಿ ಮರೆ.

ತಲುಪಿದ ಮೇಲೆ ಸೈಟಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಗಾಡಿ ನಿಲ್ಲಿಸಿ ಇಳಿಯಿರಿ. ಓಲಾಟ ತಡೆಯಲು ಹಿಚ್ಚಿನ ಪಕ್ಕಕ್ಕೆ ಜಾರುವ ಕಂಬಿ ಹಾಕಿದ್ದರೆ ಈಗಲೇ ತೆಗೆದಿಡಿ. ರಿವರ್ಸಿನಲ್ಲಿ ಮೂಲೆ ಬಿಗಿಯಾದಾಗ ಆ ಕಂಬಿ ಬಾಗುತ್ತದೆ, ಇಲ್ಲವೇ ಅದನ್ನು ಹಿಡಿದಿರುವ ಬ್ರ್ಯಾಕೆಟ್ಟು ಕಿತ್ತುಬರುತ್ತದೆ. ಆಮೇಲೆ ಸೈಟಿನೊಳಗೆ ನಡೆದು ಬನ್ನಿ. ಕಲ್ಲಿನ ಗುಂಡು, ಒಲೆಯ ಕಬ್ಬಿಣದ ಬಳೆ, ನೀರಿನ ನಲ್ಲಿ, ಕರೆಂಟಿನ ಕಂಬ, ಟೇಬಲ್ಲು ನೋಡಿಕೊಂಡು ತಲೆ ಎತ್ತಿ. ಚಾವಣಿಯ ಏಸಿ ಸೇರಿ ಟ್ರೇಲರಿನ ಎತ್ತರ 10 ಅಡಿ ಆಸುಪಾಸು, ಕೆಳಗೆ ಬಾಗಿದ ಒಂದು ಪೈನ್ ಕೊಂಬೆ ಸಾಕು. ಎದುರು ಬದಿಯ ಚರಂಡಿ, ಗೂಟಗಳನ್ನೂ ನೋಡಿ. ಕಾರಿನ ಮೂತಿ ಹೊರಳುವುದು ಅಲ್ಲಿಗೆ. ಕೊನೆಗೆ ಟ್ರೇಲರಿನ ಎಡಗಾಲಿ ಎಲ್ಲಿ ನಿಲ್ಲಬೇಕೋ ಅಲ್ಲೊಂದು ಕಲ್ಲು, ಸೈಟಿನ ಬಾಯಿಯ ಒಳಮೂಲೆಗೆ ಒಂದು ಕೋನ್. ಇನ್ನು ಮೇಲೆ ಇಡೀ ಟ್ರೇಲರಿನ ಚಿಂತೆ ಬೇಡ. ಒಂದು ಗಾಲಿ ಕೋನ್ ಬಳಸಿಕೊಂಡು ಕಲ್ಲಿಗೆ ಹೋಗಿ ಸೇರಿದರೆ ಆಯಿತು.

ಹಿಂದಕ್ಕೆ ಬಿಡುವುದು ಕಷ್ಟವಾಗುವುದು ಬಹಳ ಸಲ ಮುಂದಕ್ಕೆ ಹೋಗಿ ನಿಲ್ಲುವ ರೀತಿ ಸರಿಯಿಲ್ಲದೆ. ಎಡಗಡೆಯ ಸೈಟಿಗೆ ಹೀಗೆ: ರಸ್ತೆಯ ಎಡ ಅಂಚಿನಿಂದ ಮೂರು ನಾಲ್ಕು ಅಡಿ ಬಿಟ್ಟು ಮೆಲ್ಲಗೆ ಮುಂದೆ ಬನ್ನಿ. ನಿಮ್ಮ ಭುಜ ಸೈಟಿನ ಮಧ್ಯಕ್ಕೆ ಬಂದಾಗ ಬಲಕ್ಕೆ ಜೋರಾಗಿ ತಿರುಗಿಸಿ ಎದುರು ಅಂಚಿನತ್ತ ಹೋಗಿ. ಮೂತಿ ಅಂಚಿಗೆ ಸಮೀಪಿಸಿದಾಗ ಎಡಕ್ಕೆ ತಿರುಗಿಸಿ ಕಾರನ್ನು ರಸ್ತೆಗೆ ನೇರ ಮಾಡಿ ನಿಲ್ಲಿಸಿ. ಈಗ ಕಾರು ನೇರ, ಟ್ರೇಲರು ಓರೆ, ಅದರ ಬಾಲ ತಾನಾಗಿಯೇ ಸೈಟಿನ ಕಡೆ ನೋಡುತ್ತಿರುತ್ತದೆ. ಬಾಲ ಸೈಟಿನ ಬಾಯಿ ದಾಟಿ ಎಂಟು ಹತ್ತು ಅಡಿ ಮುಂದಿದ್ದರೆ ಸರಿಯಾದ ಜಾಗ. ಕಾರು, ಟ್ರೇಲರು ಎರಡೂ ನೇರ ಗೆರೆಯಲ್ಲಿ ನಿಂತು 90 ಡಿಗ್ರಿ ತಿರುಗಿಸಹೊರಟವರು ಅರ್ಧ ಗಂಟೆ ಅಲ್ಲೇ ಇರುತ್ತಾರೆ.

ಇನ್ನು ರಿವರ್ಸ್. ರೇಡಿಯೋ ಆರಿಸಿ, ಎರಡು ಕಿಟಕಿಯೂ ಇಳಿಸಿ. ಒಂದು ಕೈಯನ್ನು ಸ್ಟೇರಿಂಗಿನ ಕೆಳತುದಿಗೆ, ಗಡಿಯಾರದ ಆರು ಗಂಟೆಯ ಜಾಗಕ್ಕೆ ಇಡಿ. ಅಲ್ಲಿಂದ ಕೈ ಎಡಕ್ಕೆ ಹೋದರೆ ಟ್ರೇಲರಿನ ಬಾಲ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಉಲ್ಟಾ ಲೆಕ್ಕ ಹಾಕುವ ತಲೆನೋವು ಮುಗಿಯಿತು. ಆಕ್ಸಿಲರೇಟರ್ ಮುಟ್ಟಬೇಡಿ, ಸಮತಟ್ಟು ನೆಲದಲ್ಲಿ ಬ್ರೇಕು ಸಡಿಲಿಸಿದರೆ ಆಟೊಮ್ಯಾಟಿಕ್ ಕಾರು ತಾನೇ ಸರಿಯುತ್ತದೆ. ಕೈ ಎರಡು ಮೂರು ಇಂಚು ಸರಿಸಿ, ಏನಾಗುತ್ತದೆ ನೋಡಿ, ಮತ್ತೆ ಸರಿಸಿ. ಟ್ರೇಲರು ಉತ್ತರ ಕೊಡಲು ಒಂದೆರಡು ಅಡಿ ತೆಗೆದುಕೊಳ್ಳುತ್ತದೆ. ಉತ್ತರ ಬರಲಿಲ್ಲವೆಂದು ಇನ್ನಷ್ಟು ತಿರುಗಿಸಿದವರಿಗೆ ಎರಡೂ ಉತ್ತರ ಒಟ್ಟಿಗೆ ಬರುತ್ತವೆ.

ಮುಖ್ಯವಾದ ಜಾಗ ಇದು. ಕೈ ಎಡಕ್ಕೆ ಸರಿಸಿ ಟ್ರೇಲರನ್ನು ಎಡಕ್ಕೆ ತಿರುಗಿಸಿದಿರಿ. ಸರಿಯಾಗಿ ತಿರುಗಿತು ಅನ್ನಿಸುವವರೆಗೆ ಕೈಯನ್ನು ಅಲ್ಲೇ ಹಿಡಿದುಕೊಂಡಿದ್ದರೆ ಕೆಟ್ಟಿತು. ಹಾಗೆ ಅನ್ನಿಸುವುದಕ್ಕೆ ಮುಂಚೆಯೇ, ಬಾಲ ಕೋನ್ ದಾಟಿ ಬಾಯಿಯೊಳಗೆ ಹೋಗುತ್ತಿರುವಾಗಲೇ, ಕೈಯನ್ನು ನಿಧಾನವಾಗಿ ಬಲಕ್ಕೆ ತರಬೇಕು. ಆಗ ಕಾರು ಟ್ರೇಲರಿನ ಬೆನ್ನು ಹಿಡಿದು ಅದೇ ಬಾಗಿನಲ್ಲಿ ಸೈಟಿನೊಳಕ್ಕೆ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ಕಾರಿನ ಮೂತಿ ಬಲಕ್ಕೆ ಬೀಸುತ್ತದೆ. ಎಲ್ಲರ ಕಣ್ಣೂ ಹಿಂದೆ ಇರುವಾಗ ಮುಂದಿನ ಬಲ ಫೆಂಡರು ಸೈಟ್ ನಂಬರಿನ ಗೂಟಕ್ಕೆ ತಗಲುವುದು ಹೀಗೆಯೇ.

ಎಡ ಕನ್ನಡಿಯ ತುಂಬ ಟ್ರೇಲರಿನ ಪಕ್ಕೆಯೇ ಕಂಡು ಬಲ ಕನ್ನಡಿ ಖಾಲಿಯಾದರೆ ಅತಿಯಾಯಿತು. ನಿಲ್ಲಿಸಿ ಹತ್ತು ಅಡಿ ಮುಂದಕ್ಕೆ ಎಳೆಯಿರಿ. ಎಳೆದರೆ ಟ್ರೇಲರು ನೆಟ್ಟಗಾಗುತ್ತದೆ, ತಳ್ಳಿದರೆ ಇರುವ ಸೊಟ್ಟು ಬೆಳೆಯುತ್ತದೆ. ಮೂರು ನಾಲ್ಕು ಸಲ ಮುಂದೆ ಹಿಂದೆ ಆದರೂ ನಾಚಿಕೆ ಪಡುವಂಥದ್ದಲ್ಲ. ಯಾರ್ಡಿನಲ್ಲಿ ಇಪ್ಪತ್ತು ವರ್ಷ ಸವೆಸಿದ ಲಾರಿ ಡ್ರೈವರೂ ಅದನ್ನೇ ಮಾಡುತ್ತಾನೆ. ಒಳಗೆ ಬಂದು ನೇರ ಬಿಡುವಾಗ ಇಷ್ಟು ನೆನಪಿರಲಿ: ಯಾವ ಕನ್ನಡಿಯಲ್ಲಿ ಟ್ರೇಲರು ದಪ್ಪಗಾಗುತ್ತಿದೆಯೋ ಸ್ಟೇರಿಂಗಿನ ಮೇಲ್ತುದಿ ಆ ಕಡೆಗೆ ಚೂರೇ ಚೂರು.

ಈಗ ಹಿಂದೆ ನಿಂತವರ ವಿಷಯ. ನಮ್ಮವರಲ್ಲಿ ನಡೆಯುವ ಎಡವಟ್ಟಿನ ಬಹುಪಾಲು ಸ್ಟೇರಿಂಗಿನದಲ್ಲ, ಮಾತಿನದು. ಬಸ್ಸಿನ ಕಂಡಕ್ಟರಿನಿಂದ ಕಲಿತ ‘ರೈಟ್ ರೈಟ್’ ನಮಗೆ ‘ಹೋಗಲಿ’ ಎಂದರ್ಥ. ಹಿಂದೆ ನಿಂತು ಹೆಂಡತಿ ‘ರೈಟ್’ ಎಂದರೆ ಬರಬೇಕೋ ಬಲಕ್ಕೆ ತಿರುಗಿಸಬೇಕೋ? ಅಮೆರಿಕದಲ್ಲೇ ಬೆಳೆದ ಮಗ ‘ರೈಟ್’ ಎಂದರೆ ಅವನಿಗೆ ಅದು ಬಲಗಡೆ, ಊರಿನಿಂದ ಬಂದ ಅಜ್ಜನಿಗೆ ಹೋಗಲಿ. ಆ ಪದವನ್ನೇ ನಿಷೇಧಿಸಿ. ಎಡ, ಬಲವೂ ಬೇಡ. ಸ್ಟೇರಿಂಗಿನ ಎಡವೋ, ಬಾಲದ ಎಡವೋ, ಎದುರು ನಿಂತವರ ಎಡವೋ ಎಂದು ಜಗಳ. ‘ಬಾಲ ಟೇಬಲ್ ಕಡೆಗೆ’, ‘ಬಾಲ ಕಂಬದ ಕಡೆಗೆ’ ಎನ್ನಿ. ಉಳಿದದ್ದಕ್ಕೆ ಕ್ಲೀನರಿನ ಎರಡು ಮಾತು ಸಾಕು. ‘ಹೋಲ್ಡಾನ್’ ಎಂದು ಯಾರು ಕೂಗಿದರೂ, ಎದುರು ಸೈಟಿನ ಅಪರಿಚಿತ ಮಗು ಕೂಗಿದರೂ, ಬ್ರೇಕು. ಅವರು ಇಂಗ್ಲಿಷಿನಲ್ಲಿ ಕೂಗುತ್ತಾರೆ ಅನ್ನುವುದು ಬೇರೆ ಮಾತು.

ನಿಲ್ಲುವ ಜಾಗ ಡ್ರೈವರ್ ಕಡೆಯ ಹಿಂಮೂಲೆಯಿಂದ ಆಚೆ, ಕನ್ನಡಿಯಲ್ಲಿ ಡ್ರೈವರಿನ ಮುಖ ಕಾಣುವಲ್ಲಿ. ನಿಮಗೆ ಅವರ ಮುಖ ಕಾಣದಿದ್ದರೆ ಅವರಿಗೆ ನೀವೂ ಕಾಣುವುದಿಲ್ಲ. ನೀವು ಮರೆಯಾದರೆ ಡ್ರೈವರು ತಕ್ಷಣ ನಿಲ್ಲಿಸಬೇಕು, ಅದಕ್ಕೆ ಬೇರೆ ಸನ್ನೆ ಬೇಡ. ಟ್ರೇಲರಿಗೂ ಮರಕ್ಕೂ ನಡುವೆ ಯಾರೂ ನಿಲ್ಲಕೂಡದು. ಊರಿನಿಂದ ಬಂದ ಹಿರಿಯರು ಸಹಾಯಕ್ಕೆಂದು ನೇರ ಹಿಂದೆ ಹೋಗಿ ಕೈಯಿಂದ ತಡೆಯುವವರಂತೆ ನಿಲ್ಲುತ್ತಾರೆ. ಸುಮಾರು 3,000 ಪೌಂಡ್ ಅದು. ಅವರಿಗೊಂದು ಕುರ್ಚಿ ಹಾಕಿ ಮಕ್ಕಳನ್ನು ಒಪ್ಪಿಸಿಬಿಡಿ. ಫೋನಿನಲ್ಲಿ ಮಾತಾಡಿಕೊಂಡು ಬಿಡುವುದು ಅನುಕೂಲ, ಆದರೆ ಕಾಡಿನ ಕ್ಯಾಂಪಿನಲ್ಲಿ ನೆಟ್‌ವರ್ಕ್ ಇರಬೇಕಲ್ಲ. ಒಂದು ಜೊತೆ ವಾಕಿಟಾಕಿ ಇಟ್ಟುಕೊಳ್ಳಿ.

ಎಲ್ಲಿಗೆ ನಿಲ್ಲಿಸಬೇಕು? ಕರೆಂಟಿನ ಕೇಬಲ್, ಕೊಳೆನೀರಿನ ಬಾಯಿ ಸಾಮಾನ್ಯವಾಗಿ ಟ್ರೇಲರಿನ ಎಡಕ್ಕೆ, ಬಾಗಿಲು ಮತ್ತು ನೆರಳಿನ ಪರದೆ ಬಲಕ್ಕೆ. 30 ಆಂಪಿನ ಕೇಬಲ್ಲು ಸುಮಾರು 25 ಅಡಿ, ಕಂಬಕ್ಕೆ ಎಟುಕುತ್ತದೆಯೇ ನೋಡಿ. ಬಲಕ್ಕೆ ಜಾಗ ಹೆಚ್ಚು ಬಿಡಿ, ಕೂರುವುದು ಉಣ್ಣುವುದು ಎಲ್ಲ ಅಲ್ಲೇ.

ಕಾರು ಬಿಚ್ಚುವ ಮುನ್ನ ಅಡ್ಡಮಟ್ಟ ನೋಡಬೇಕು. ಎಡ ಬಲದ ತಗ್ಗನ್ನು ಗಾಲಿಯ ಕೆಳಗೆ ಹಲಗೆ ಕೊಟ್ಟೇ ಸರಿಪಡಿಸಬೇಕು, ಬಿಚ್ಚಿದ ಮೇಲೆ ಆಗುವುದಿಲ್ಲ. ಮುಂದು ಹಿಂದಿನ ಮಟ್ಟಕ್ಕೆ ಮೂಕಿಯ ಜ್ಯಾಕು ಇದೆ. ಅಡ್ಡಮಟ್ಟ ಸಿಕ್ಕ ಮೇಲೆ ಗಾಲಿಗಳಿಗೆ ಎರಡೂ ಕಡೆ ಅಡೆಗಟ್ಟೆ ಕೊಟ್ಟು, ಆಮೇಲೆ ಸರಪಳಿ, ವೈರು ಬಿಚ್ಚಿ, ಹಿಚ್ಚಿನ ಬಾಲನ್ನು ಕಚ್ಚಿಕೊಂಡಿರುವ ಕಪ್ಲರ್ ಎತ್ತಿ. ಕಪ್ಲರಿನ ಚಿಲಕ ಬಿಗಿದುಕೊಂಡು ಏಳದಿದ್ದರೆ ಸುತ್ತಿಗೆ ತರಬೇಡಿ. ಬಾಲಿನ ಮೇಲೆ ಒತ್ತಡ ಇದೆ ಎಂದರ್ಥ, ಕಾರನ್ನು ಒಂದಿಂಚು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಬಿಡುತ್ತದೆ. ನಾಲ್ಕು ಮೂಲೆಯ ಊರುಗೋಲು ಇಳಿಸುವುದು ಕೊನೆಗೆ. ಅವು ಅಲುಗಾಟ ತಡೆಯಲಿಕ್ಕೆ, ಟ್ರೇಲರ್ ಎತ್ತಲಿಕ್ಕಲ್ಲ. ಎತ್ತಹೋದರೆ ಚೌಕಟ್ಟು ತಿರುಚಿ ಬಾಗಿಲು ಹಾಕಲು ಬರುವುದಿಲ್ಲ.

ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಹಳೆ ಬಗೆಯ ಫ್ರಿಜ್ಜಿಗೆ ಈ ಮಟ್ಟ ಬೇಕೇ ಬೇಕು, ಇಲ್ಲದಿದ್ದರೆ ಒಳಗಿನ ದ್ರವ ಸರಿಯಾಗಿ ಹರಿಯದೆ ತಂಪು ನಿಲ್ಲುತ್ತದೆ. ಮಟ್ಟ ನೋಡುವ ಗುಳ್ಳೆ ಮನೆಯಲ್ಲೇ ಮರೆತು ಬಂದಿದ್ದರೆ ಒಲೆಯ ಮೇಲೆ ದೋಸೆ ಕಾವಲಿ ಇಟ್ಟು ಮಧ್ಯಕ್ಕೆ ಒಂದು ಚಮಚ ಎಣ್ಣೆ ಬಿಡಿ, ಯಾವ ಕಡೆಗೆ ಹರಿಯುತ್ತದೋ ಆ ಕಡೆ ತಗ್ಗು.